ಇದ್ದತ್ ಮನೆಯ ಜೀರ್ಜಿಂಬೆ

ಅಕ್ಟೋಬರ್ 12, ಭಾನುವಾರ

ಇವತ್ತಿನಿಂದ ಬರೆಯುತ್ತೇನೆ. ಈ ಡೈರಿ ಬೀರುವಿನ ತಳದಲ್ಲಿ ಸಿಕ್ಕಿತು. ಯಾವುದೋ ಗೊಬ್ಬರದ ಕಂಪನಿಯವರು ಐದಾರು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಕೊಟ್ಟದ್ದು. ಅದರೊಳಗಿನ ವಾರಕ್ಕೂ ಈಗಿನ ವಾರಕ್ಕೂ ತಾಳೆಯಾಗುವುದಿಲ್ಲ, ಹೊಡೆದುಹಾಕಿ ನನ್ನದೇ ಬರೆದುಕೊಳ್ಳುತ್ತಿದ್ದೇನೆ. ಕನ್ನಡದಲ್ಲಿ ಬರೆಯುವುದಕ್ಕೂ ಕಾರಣವಿದೆ. ನನ್ನ ನಾದಿನಿ ಸುಫಿಯಾಗೆ ಉರ್ದು ಬಿಟ್ಟು ಬೇರೇನೂ ಓದಲು ಬರುವುದಿಲ್ಲ. ಪಿರಿಯಾಪಟ್ಟಣದ ಸರ್ಕಾರಿ ಹೈಸ್ಕೂಲಿನಲ್ಲಿ ಜೀನತುನ್ನೀಸಾ ಎಂಬ ಹುಡುಗಿ, ಅಂದರೆ ನಾನು, ಕನ್ನಡಕ್ಕೆ ಬಹುಮಾನ ತೆಗೆದುಕೊಂಡದ್ದು ಐವತ್ತಾರನೇ ವಯಸ್ಸಿನಲ್ಲಿ ಹೀಗೆ ಉಪಯೋಗಕ್ಕೆ ಬಂತು.

ನನ್ನ ಗಂಡ ಗಯಾಸುದ್ದೀನ್ ಹೋಗಿ ಮೂರು ತಿಂಗಳಾಗುತ್ತಾ ಬಂತು. ಜುಲೈ ಹದಿನಾಲ್ಕು, ಸೋಮವಾರ, ಮಧ್ಯಾಹ್ನದ ಬಾಂಗಿಗೆ ಸ್ವಲ್ಪ ಮುಂಚೆ. ಮನೆಯ ಮುಂಭಾಗವೇ ನಮ್ಮ ಹಾಸಿಗೆ ಅಂಗಡಿ. ಅಲ್ಲಿ ಹತ್ತಿಯ ಗುಡ್ಡೆಗೆ ಒರಗಿ ಕೂತವರು ಮತ್ತೆ ಏಳಲಿಲ್ಲ. ಹುಣಸೂರಿನ ಅರ್ಧ ಜನಕ್ಕೆ ಹಾಸಿಗೆ ಮಾಡಿಕೊಟ್ಟ ಮನುಷ್ಯ, ತಾನು ಹೋಗುವಾಗಲೂ ಮೆತ್ತಗಿನ ಜಾಗ ನೋಡಿಕೊಂಡೇ ಹೋದರು ಎಂದು ಆವತ್ತೇ ನನಗೆ ಅನ್ನಿಸಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ದುಃಖದಲ್ಲಿ ತಲೆ ಕೆಟ್ಟಿದೆ ಎಂದು ಇನ್ನಷ್ಟು ಜನ ಬಂದು ತಲೆ ಸವರುತ್ತಿದ್ದರು.

ಅಂದಿನಿಂದ ನಾನು ಇದ್ದತ್‌ನಲ್ಲಿದ್ದೇನೆ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕು. ಬಣ್ಣದ ಬಟ್ಟೆ, ಅತ್ತರು, ಬಳೆ ಯಾವುದೂ ಇಲ್ಲ. ಹೊರಗಿನ ಗಂಡಸರ ಎದುರಿಗೆ ಬರುವಂತಿಲ್ಲ. ಅದರ ಮೇಲೆ ನನಗೆ ತಕರಾರಿಲ್ಲ. ಮೊದಲ ತಿಂಗಳಂತೂ ಹೊರಗೆ ಹೋಗು ಎಂದು ಕೈಮುಗಿದಿದ್ದರೂ ನಾನು ಹೋಗುತ್ತಿರಲಿಲ್ಲ. ನನ್ನ ತಕರಾರೇನಿದ್ದರೂ ಸುಫಿಯಾಳ ಮೇಲೆ. ಇವರ ತಂಗಿ. ನನ್ನನ್ನು ನೋಡಿಕೊಳ್ಳಲು ಎಚ್.ಡಿ. ಕೋಟೆಯಿಂದ ಬಂದು ಕೂತಿದ್ದಾಳೆ. ನಾನು ಕಿಟಕಿ ಹತ್ತಿರ ನಿಂತರೆ ಕೆಮ್ಮುತ್ತಾಳೆ, ನಕ್ಕರೆ ಎರಡು ಸಲ ಕೆಮ್ಮುತ್ತಾಳೆ. ಅವಳಿಗೆ ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟಿದ್ದೇನೆ, ಮನಸ್ಸಿನಲ್ಲಿ.

ಅಕ್ಟೋಬರ್ 14, ಮಂಗಳವಾರ

ದಿನಾ ಬೆಳಿಗ್ಗೆ ಸೊಪ್ಪು ತರುವ ಪುಟ್ಟಸಿದ್ದಮ್ಮ ಇವತ್ತು ಹಿತ್ತಲ ಬಾಗಿಲಲ್ಲಿ ನುಗ್ಗೆಸೊಪ್ಪಿನ ಕಟ್ಟು ಇಳಿಸಿದಳು. ಸುಫಿಯಾ ಅದನ್ನು ಬಿಚ್ಚಿದ್ದೇ ತಡ, ಕಿಟಾರನೆ ಕಿರುಚಿ ಅಡುಗೆಮನೆಯ ಕಟ್ಟೆ ಹತ್ತಿ ನಿಂತಳು. ಐವತ್ತೆರಡು ವರ್ಷದ ಹೆಂಗಸು ಇಷ್ಟು ಚುರುಕು ಎಂದು ನನಗೆ ಗೊತ್ತಿರಲಿಲ್ಲ. ಸೊಪ್ಪಿನೊಳಗಿಂದ ಹೆಬ್ಬೆರಳು ಗಾತ್ರದ ಹಸಿರು ಹುಳ ಉರುಳಿ ಬಿತ್ತು. ಬೆನ್ನಡಿಯಾಗಿ ಬಿದ್ದು, ಕಾಲೆಲ್ಲ ಮಡಚಿ, ಸತ್ತಂತೆ ನಟಿಸುತ್ತಿತ್ತು.

ಜೀರ್ಜಿಂಬೆ! ನಲವತ್ತು ವರ್ಷವಾಗಿತ್ತು ಇದನ್ನು ನೋಡಿ. ಪಿರಿಯಾಪಟ್ಟಣದಲ್ಲಿ ಮಳೆಗಾಲ ಬಂತೆಂದರೆ ನಮ್ಮ ಕ್ಲಾಸಿನ ಎಲ್ಲರ ಚೀಲದಲ್ಲೂ ಒಂದೊಂದು ಬೆಂಕಿಪೊಟ್ಟಣ, ಒಳಗೊಂದು ಜೀರ್ಜಿಂಬೆ, ಅದಕ್ಕೆ ಊಟಕ್ಕೆ ಜಾಲಿಸೊಪ್ಪು. ಕತ್ತಿಗೆ ದಾರ ಕಟ್ಟಿ ಹಾರಿಸುತ್ತಿದ್ದೆವು. ಪಾಪದ ಕೆಲಸ, ಆದರೆ ಬಹಳ ಖುಷಿಯಾಗುತ್ತಿತ್ತು.

"ಅಯ್ಯೋ, ದಸರಾ ಕಳೀತು, ದೀಪಾವಳಿ ಬಂತು, ಇನ್ನೂ ಬದ್ಕದಲ್ಲ ಇದು!" ಎಂದಳು ಪುಟ್ಟಸಿದ್ದಮ್ಮ. "ಇದ್ರ ಜೊತೆವೆಲ್ಲ ಯಾವಾಗ್ಲೋ ಓದ್ವು ಕಣ್ ಬೂಬಮ್ಮಾ."

ಇಪ್ಪತ್ತು ವರ್ಷದಿಂದ ನನ್ನನ್ನು ಬೂಬಮ್ಮ ಎನ್ನುತ್ತಾಳೆ, ನನ್ನ ಹೆಸರು ಕೇಳಿಲ್ಲ. ಕೇಳಿದರೆ ಹೇಳುವುದು ಸುಲಭವೂ ಅಲ್ಲ.

"ಆಚೆ ಬಿಟ್ಟರೆ?" ಎಂದೆ.

"ಆಚೆ ಬುಟ್ರೆ ಇಬ್ನಿಗೆ ಸತ್ತೋಯ್ತದೆ. ಒಳ್ಗಿಕ್ಕಂಡ್ರೆ ಬ್ಯಾಸ್ರುಕ್ಕೆ ಸತ್ತೋಯ್ತದೆ. ನೀನೇ ನೋಡು."

ಸುಫಿಯಾ ಕಟ್ಟೆಯ ಮೇಲಿಂದಲೇ "ಭಾಬಿ, ಮೊದಲು ಅದನ್ನ ಎಸೀರಿ" ಎಂದಳು. ನಾನು ಖಾಲಿಯಾಗಿದ್ದ ಉಪ್ಪಿನಕಾಯಿ ಜಾಡಿ ತೊಳೆದು ಒರೆಸಿದೆ, ಹುಳವನ್ನು ಒಳಗಿಟ್ಟು ಬಾಯಿಗೆ ಸೊಳ್ಳೆಪರದೆ ಚೂರು ಕಟ್ಟಿದೆ. ಏನು ಮಾಡುವುದೆಂದು ನಾಳೆ ಯೋಚಿಸಿದರಾಯಿತು.

ಅಕ್ಟೋಬರ್ 15, ಬುಧವಾರ

ಯೋಚಿಸಲಿಲ್ಲ. ಪುಟ್ಟಸಿದ್ದಮ್ಮ ಬೈದುಕೊಂಡೇ ಒಂದು ಜಾಲಿಕಡ್ಡಿ ತಂದುಕೊಟ್ಟಳು, ಬೆರಳಿಗೆ ಮುಳ್ಳು ಚುಚ್ಚಿದ್ದನ್ನು ಮೂರು ಸಲ ತೋರಿಸಿದಳು. ಹುಳ ಚೆನ್ನಾಗಿ ತಿಂದಿತು.

"ಇದು ಗಂಡೋ ಹೆಣ್ಣೋ ಗೊತ್ತಿಲ್ಲ ಸುಫಿಯಾ. ಗಂಡಾಗಿದ್ದರೆ ನಡುವೆ ಪರದೆ ಕಟ್ಟೋಣವೇ?" ಎಂದು ಕೇಳಿದೆ. ತೌಬಾ ತೌಬಾ ಎಂದು ಕೆನ್ನೆ ಬಡಿದುಕೊಂಡಳು. ಮಧ್ಯಾಹ್ನ ನೋಡಿದರೆ ಜಾಡಿಯ ಮೇಲೆ ನಿಜವಾಗಿಯೂ ಒಂದು ಟವೆಲ್ ಹೊದಿಸಿದ್ದಳು. ಇವರು ಹೋದಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಇದೇ ಮೊದಲು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಕ್ಕೆ.

ಅಕ್ಟೋಬರ್ 19, ಭಾನುವಾರ

ಮಗ ಮುಬಷೀರ್ ಬಂದಿದ್ದ. ಕೆ.ಆರ್. ನಗರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಎಲ್ಲವನ್ನೂ ತೀರ್ಮಾನ ಮಾಡಿಕೊಂಡೇ ಬಂದಿದ್ದ, ನನಗೆ ಹೇಳುವುದೊಂದೇ ಬಾಕಿ.

"ನವೆಂಬರ್ ಇಪ್ಪತ್ನಾಲ್ಕು, ಸೋಮವಾರಕ್ಕೆ ಇದ್ದತ್ ಮುಗಿಯುತ್ತೆ ಅಮ್ಮಿ. ಫೋನಲ್ಲೇ ಲೆಕ್ಕ ಹಾಕಿದೀನಿ. ಆವತ್ತು ಗಾಡಿ ತರ್ತೀನಿ, ಸಾಮಾನು ಹಾಕ್ಕೊಂಡು ನಮ್ಮನೆಗೆ ಹೋಗೋಣ. ಅಂಗಡೀನ ಮಹೇಶ್‌ಕುಮಾರ್ ಅನ್ನೋರು ಬಾಡಿಗೆಗೆ ಕೇಳ್ತಿದಾರೆ. ಫೋಮ್ ಹಾಸಿಗೆ ಶೋರೂಮ್ ಮಾಡ್ತಾರಂತೆ. ಆವತ್ತೇ ಬಂದು ಬೀಗದ ಕೈ ತಗೋತಾರೆ."

"ಅಲ್ಲಿ ನಾನೇನು ಮಾಡಲಿ?"

"ಏನೂ ಮಾಡಬೇಕಾಗಿಲ್ಲ. ಮಹಡಿ ಮೇಲಿನ ರೂಮು ನಿಮಗೇ. ಟಿ.ವಿ. ಹಾಕಿಸಿದೀನಿ. ಸುಮ್ಮನೆ ಕೂತಿರಿ."

ಒಳ್ಳೆಯ ಮಗ. ಇಷ್ಟು ಒಳ್ಳೆಯ ಮಾತು ಕೇಳಿ ನನಗೆ ಯಾಕೆ ಮೈ ಉರಿಯಿತೋ ಗೊತ್ತಿಲ್ಲ. "ಆಗಲಿ" ಎಂದೆ. ಇವರಿಲ್ಲದ ಮನೆಯಲ್ಲಿ ಇದ್ದು ತಾನೇ ಏನು ಮಾಡಬೇಕು? ಆ ಅಂಗಡಿಯ ಒಳಬಾಗಿಲನ್ನು ನಾನು ಜುಲೈನಿಂದ ತೆಗೆದೇ ಇಲ್ಲ. ನಡುಮನೆಯಲ್ಲಿ ಕೂತರೆ ಬಾಗಿಲಿಗೆ ಬೆನ್ನು ಹಾಕಿಯೇ ಕೂರುತ್ತೇನೆ.

ಮುಬಷೀರ್ ಜಾಡಿ ನೋಡಿ "ಇದೇನು?" ಎಂದ. "ನಿಮ್ಮ ಅತ್ತೆ ಸಾಕಿದ್ದು" ಎಂದೆ. ಸುಫಿಯಾ ಆಮೇಲೆ ಒಂದು ಗಂಟೆ ನನ್ನೊಂದಿಗೆ ಮಾತಾಡಲಿಲ್ಲ. ಆ ಒಂದು ಗಂಟೆ ಮನೆ ಬಹಳ ಹಿತವಾಗಿತ್ತು.

ಅಕ್ಟೋಬರ್ 24, ಶುಕ್ರವಾರ

ಪುಟ್ಟಸಿದ್ದಮ್ಮ ಜಾಲಿಸೊಪ್ಪು ಕೊಟ್ಟವಳು ಹೋಗದೆ ನಿಂತಳು. ಮಗಳು ಹೇಮಶ್ರೀ ಹೆರಿಗೆಗೆ ತವರಿಗೆ ಬಂದಿದ್ದಾಳೆ, ಚೊಚ್ಚಲು, ಮುಂದಿನ ತಿಂಗಳು ದಿನ ತುಂಬುತ್ತದೆ.

"ಚಳಿ ಬೀಳ್ತಾ ಅದೆ ಬೂಬಮ್ಮಾ. ಬಾಣಂತಿ ಮಗೀಗೆ ಒಂದು ಹತ್ತಿ ಹಾಸ್ಗೆ ಮಾಡ್ಕೊಡು. ನನ್ ಹೆರಿಗೇಲೂ ನಿಮ್ ಸಾಬ್ರೇ ಮಾಡ್ಕೊಟ್ಟಿದ್ರು. ಆ ಫೋಮು ಗೀಮು ಒಗ್ಗಕಿಲ್ಲ, ಮೈ ಬೆಚ್ಗೇ ಆಗಕಿಲ್ಲ."

ಅಂಗಡಿ ಮುಚ್ಚಿತು, ಹಿಂಜುವವರು ಇಲ್ಲ, ಪೇಟೆಯಲ್ಲಿ ಬೇರೆಯವರು ಮಾಡುತ್ತಾರೆ, ಅಲ್ಲಿ ಕೇಳು ಎಂದೆ.

"ಕೇಳ್ದೆ. ಅವ್ರು ಹಳೇ ಹತ್ತಿ ತುಂಬ್ತರೆ. ನೀನ್ ಮಾಡು."

"ನಾನು ಬರೀ ಚೀಲ ಹೊಲಿಯುತ್ತಿದ್ದವಳು."

"ಮತ್ತೆ? ಚೀಲ ಇಲ್ದೆ ಹಾಸ್ಗೆ ಆಯ್ತದಾ?" ಎಂದು ಬುಟ್ಟಿ ಹೊತ್ತುಕೊಂಡು ಹೋದಳು. ಇವಳಿಗೆ ಇಲ್ಲ ಎನ್ನುವುದು ಹೇಗೆಂದು ಇಪ್ಪತ್ತು ವರ್ಷದಲ್ಲಿ ನಾನು ಕಲಿತಿಲ್ಲ.

ಅಕ್ಟೋಬರ್ 31, ಶುಕ್ರವಾರ

ಸಂತಾಪಕ್ಕೆ ನಾಲ್ಕು ಜನ. ಈಗ ಬರುತ್ತಿರುವವರು ಮೊದಲ ಸಲ ಬಂದಾಗ ಅಳಲು ಮರೆತವರು. ಹುಳ ಬೆನ್ನಡಿಯಾಗಿ ಸತ್ತಂತೆ ಬಿದ್ದುಕೊಂಡಿತು. ನಾನೂ ಕಣ್ಣು ಮುಚ್ಚಿ ಗೋಡೆಗೆ ಒರಗಿದೆ. ಹದಿನೈದು ನಿಮಿಷಕ್ಕೆ ಎಲ್ಲರೂ ಹೋದರು.

ನವೆಂಬರ್ 3, ಸೋಮವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಬೆಳಿಗ್ಗೆ ಹತ್ತು ಗಂಟೆ. ಸುಫಿಯಾ ಸ್ನಾನಕ್ಕೆ ಹೋಗಿದ್ದಳು. ಜಾಡಿಯಲ್ಲಿ ಒಣಗಿದ ಸೊಪ್ಪು ತೆಗೆದು ಹೊಸದು ಹಾಕುವಾಗ ಪುಟ್ಟಸಿದ್ದಮ್ಮನ ಮುಳ್ಳು ನನಗೂ ಚುಚ್ಚಿತು. ಕೈ ಹಿಂದೆ ಎಳೆದುಕೊಂಡೆ. ಅಷ್ಟರಲ್ಲಿ ಹುಳ ಬುರ್ರೆಂದು ಎದ್ದು ನಡುಮನೆಯಲ್ಲಿ ಎರಡು ಸುತ್ತು ಹಾಕಿತು. ಆಮೇಲೆ ಅಂಗಡಿಯ ಒಳಬಾಗಿಲ ಮೇಲಿರುವ ಗವಾಕ್ಷಿಯಲ್ಲಿ ತೂರಿ ಆಚೆ ಹೋಯಿತು. ಇಷ್ಟು ದೊಡ್ಡ ಮನೆಯಲ್ಲಿ ಅದಕ್ಕೆ ಹೋಗಲು ಬೇರೆ ಜಾಗವೇ ಇರಲಿಲ್ಲವೇ!

ಬಾಗಿಲಿಗೆ ಕಿವಿ ಇಟ್ಟೆ. ಒಳಗೆ ಬುರ್ ಬುರ್ ಎನ್ನುತ್ತಿತ್ತು, ಆಮೇಲೆ ನಿಂತುಹೋಯಿತು. ಚಿಲಕ ತೆಗೆದೆ. ಧೈರ್ಯ ಬಂದು ತೆಗೆದೆ ಎಂದು ಬರೆದರೆ ಸುಳ್ಳಾಗುತ್ತದೆ. ಸುಫಿಯಾ ಬಚ್ಚಲಿಂದ ಬರುವ ಮುಂಚೆ ಹುಳ ಹಿಡಿಯಬೇಕಿತ್ತು, ಅಷ್ಟೇ.

ಶಟರಿನ ಮೇಲಿನ ಕಿಂಡಿಯಿಂದ ಬಿಸಿಲು ಬೀಳುತ್ತಿತ್ತು. ಹತ್ತಿ ಹಿಂಜುವ ಮಿಷನ್ನಿನ ಮೇಲೆ ಇವರ ಟೋಪಿ, ಚೌಕದ ಕರ್ಚೀಫು. ಕಿಟಕಿಯಲ್ಲಿ ಟೀ ಕುಡಿದಿಟ್ಟ ಲೋಟ, ತಳದಲ್ಲಿ ಒಣಗಿದ ಟೀ. ಹತ್ತಿಯ ಗುಡ್ಡೆ ಹಾಗೆಯೇ ಇತ್ತು, ಅದರ ಮಧ್ಯೆ ಅವರು ಒರಗಿದ್ದ ತಗ್ಗೂ ಹಾಗೆಯೇ ಇತ್ತು. ನಾಲ್ಕು ತಿಂಗಳಾಗುತ್ತಾ ಬಂದರೂ ಹತ್ತಿ ಮೇಲೆ ಎದ್ದಿರಲಿಲ್ಲ.

ಜೀರ್ಜಿಂಬೆ ಆ ತಗ್ಗಿನಲ್ಲೇ ಸಿಕ್ಕಿಕೊಂಡಿತ್ತು. ಕೊಕ್ಕೆಯಂಥ ಕಾಲಿಗೆಲ್ಲ ಎಳೆ ಸುತ್ತಿಕೊಂಡು ಒದ್ದಾಡುತ್ತಿತ್ತು. ನಿಂತುಕೊಂಡು ಬಿಡಿಸಲು ಆಗಲಿಲ್ಲ. ಕೂರಬೇಕಾಯಿತು, ಅಲ್ಲೇ, ಅವರ ಜಾಗದಲ್ಲೇ. ಒಂದೊಂದೇ ಕಾಲಿನಿಂದ ಎಳೆ ಬಿಡಿಸುತ್ತಾ ಕೂತೆ. ನಾಲ್ಕನೆಯ ಕಾಲಿಗೆ ಬರುವ ಹೊತ್ತಿಗೆ ಕಣ್ಣು ಕಾಣದಂತಾಯಿತು. ಜೋರಾಗಿ ಅತ್ತೆ. ಅಳುತ್ತಲೇ ಅವರನ್ನು ಬೈದೆ. ಒಂದು ಮಾತು ಹೇಳದೆ ಹೋದಿರಲ್ಲ, ಟೀ ಲೋಟವನ್ನಾದರೂ ಒಳಗೆ ತಂದಿಟ್ಟು ಹೋಗಬಾರದಿತ್ತೇ ಎಂದೆ. ಮೂವತ್ತಮೂರು ವರ್ಷ ಆ ಲೋಟ ಎತ್ತಿಡಿ ಎಂದು ಹೇಳಿ ಹೇಳಿ ಸಾಕಾಗಿತ್ತು ನನಗೆ. ಈಗ ಇನ್ನೊಂದು ಸಲ ಹೇಳಬೇಕೆನ್ನಿಸಿತು, ತುಂಬ ಅನ್ನಿಸಿತು.

ತಲೆ ಎತ್ತಿದರೆ ಬಾಗಿಲಲ್ಲಿ ಸುಫಿಯಾ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ನಿಂತಿದ್ದಳು. ಕೆಮ್ಮಲಿಲ್ಲ.

"ನಾನು ಒಳಗೆ ಬರಲ್ಲ ಭಾಬಿ. ನನ್ನ ಕೈಲಿ ಆಗಲ್ಲ" ಎಂದಳು. ಆಮೇಲೆ ಕೈ ಚಾಚಿ, "ಲೋಟ ಕೊಡಿ, ತೊಳೀತೀನಿ" ಎಂದಳು.

ಕೊಟ್ಟೆ. ಹುಳ ಹಿಡಿದುಕೊಂಡು ಹೊರಗೆ ಬಂದೆ. ಬರುವಾಗ ಹತ್ತಿಯನ್ನು ಮುಟ್ಟಿ ನೋಡಿದೆ, ತೇವ ಹಿಡಿಯುತ್ತಿದೆ. ಬೆಳಗಿನ ಮಂಜು ಕಿಂಡಿಯಿಂದ ಒಳಕ್ಕೆ ಬರುತ್ತಿರಬೇಕು. ಒಳ್ಳೆಯ ಹತ್ತಿ, ಹಾಗೇ ಬಿಟ್ಟರೆ ಗಂಟು ಕಟ್ಟಿಬಿಡುತ್ತದೆ. ಕಿಂಡಿಗೆ ಗೋಣಿ ತುರುಕಿದೆ.

ನವೆಂಬರ್ 5, ಬುಧವಾರ

ಅಂಗಡಿಯ ಕಪಾಟಿನಲ್ಲಿ ಹಾಸಿಗೆ ಚೀಲದ ಪಟ್ಟೆ ಬಟ್ಟೆ ಹನ್ನೆರಡು ಮೀಟರ್ ಇದೆ. ಸುಮ್ಮನೆ ಅಳೆದೆ.

ನವೆಂಬರ್ 7, ಶುಕ್ರವಾರ

ಒಂದು ಚೀಲಕ್ಕೆ ಆಗುವಷ್ಟು ಕತ್ತರಿಸಿದೆ. ಬಟ್ಟೆ ಇಲಿ ಪಾಲಾಗುವುದಕ್ಕಿಂತ ಪುಟ್ಟಸಿದ್ದಮ್ಮನ ಪಾಲಾಗಲಿ. ಹಿಂದಿನ ಕೋಣೆಯಲ್ಲಿ ಕೂತು ಕೈಯಲ್ಲೇ ಹೊಲಿಯುತ್ತಿದ್ದೇನೆ. ಹಾಸಿಗೆ ತುಂಬಿಕೊಡುತ್ತೇನೆ ಎಂದು ನಾನು ಯಾರಿಗೂ ಹೇಳಿಲ್ಲ. ಹತ್ತಿ ಹಿಂಜಬೇಕೆಂದರೆ ಮಿಷನ್ ಹಾಕಬೇಕು, ಮಿಷನ್ ಹಾಕಿದರೆ ಬೀದಿಗೆಲ್ಲ ಕೇಳುತ್ತದೆ. ಗಂಡ ಸತ್ತು ನಾಲ್ಕು ತಿಂಗಳಾಗಿಲ್ಲ, ಆಗಲೇ ವ್ಯಾಪಾರಕ್ಕೆ ಕೂತಳು ಎನ್ನುತ್ತಾರೆ. ಅನ್ನಲಿಕ್ಕೆ ಕಾದುಕೊಂಡಿರುವವರ ಹೆಸರು ಬರೆಯಲು ಹೊರಟರೆ ಈ ಪುಟ ಸಾಲದು.

ಸುಫಿಯಾ ದಬ್ಬಳಕ್ಕೆ ದಾರ ಪೋಣಿಸಿಕೊಟ್ಟಳು. ನನ್ನ ಕನ್ನಡಕ ಸರಿಯಿಲ್ಲವಂತೆ. ಅವಳದು ನನ್ನದಕ್ಕಿಂತ ದಪ್ಪ.

ನವೆಂಬರ್ 10, ಸೋಮವಾರ

ಮೊಟ್ಟೆ! ಜಾಡಿಯ ತಳದಲ್ಲಿ ಅಕ್ಕಿಕಾಳಿನಂಥವು ಮೂರು. ಹೆಣ್ಣು ಎಂದು ಗೊತ್ತಾದ ಮೇಲೆ ಸುಫಿಯಾಳ ಟವೆಲ್ ಜಾಡಿಯಿಂದ ಹೋಯಿತು. ಮೊದಲ ಸಲ ಹತ್ತಿರ ಬಂದು ಬಗ್ಗಿ ನೋಡಿದಳು.

ಆದರೆ ಹುಳ ಮೊದಲಿನಂತೆ ಇಲ್ಲ. ಜಾಡಿಯ ಗೋಡೆ ಹತ್ತುತ್ತದೆ, ಜಾರುತ್ತದೆ, ಮತ್ತೆ ಹತ್ತುತ್ತದೆ. ಇಡೀ ದಿನ ಅದೇ ಕೆಲಸ.

"ಬಿಟ್ಟುಬಿಡಿ ಭಾಬಿ. ಪ್ರಾಣೀನ ಕೂಡಿಹಾಕಿದ್ರೆ ಗುನಾಹ್, ಪಾಪ."

"ಹೊರಗೆ ಎಷ್ಟು ಚಳಿ ನೋಡಿದೆಯಾ? ಎರಡು ದಿನ ಬದುಕುವುದಿಲ್ಲ."

"ಒಳಗಿದ್ದರೆ ಎಷ್ಟು ದಿನ ಬದುಕುತ್ತೆ?"

ನನಗೆ ಸಿಟ್ಟು ಬಂತು. ಇಲ್ಲಿ ಬೆಚ್ಚಗಿದೆ, ಊಟ ಹೊತ್ತಿಗೆ ಸರಿಯಾಗಿ ಬರುತ್ತದೆ, ಹಕ್ಕಿಯ ಕಾಟವಿಲ್ಲ, ಇನ್ನೇನು ಬೇಕಂತೆ ಇದಕ್ಕೆ ಎಂದು ಕೂಗಾಡಿದೆ. ಸುಫಿಯಾ ನನ್ನನ್ನೇ ನೋಡಿದಳು. ಆಮೇಲೆ ಜಾಡಿಯನ್ನು ಬಿಸಿಲು ಬೀಳುವ ಕಿಟಕಿಗೆ ಎತ್ತಿಟ್ಟೆ. ಇನ್ನೂ ತೀರ್ಮಾನ ಮಾಡಿಲ್ಲ.

ನವೆಂಬರ್ 14, ಶುಕ್ರವಾರ

ಮಸೀದಿಯ ಇಮಾಮ್ ಸಾಹೇಬರ ಬೀಬಿ ಫೋನ್ ಮಾಡಿದ್ದರು. ಕ್ಷೇಮ ಕೇಳಿ, ಕೊನೆಗೆ "ಮುಂದಿನ ಶುಕ್ರವಾರ ಮುಗಿಯುತ್ತಲ್ಲ?" ಎಂದರು.

"ಇಲ್ಲ, ಇಪ್ಪತ್ನಾಲ್ಕು, ಸೋಮವಾರ. ಮಗ ಲೆಕ್ಕ ಹಾಕಿದ್ದಾನೆ."

"ಇಂಗ್ಲಿಷ್ ತಿಂಗಳು ಹಿಡಿದು ಲೆಕ್ಕ ಹಾಕಿದನೇನು? ಹಾಗಲ್ಲಮ್ಮ. ನಮ್ಮ ಚಂದ್ರನ ತಿಂಗಳ ನಡುವೆ ತೀರಿಹೋದರೆ ತಿಂಗಳು ಎಣಿಸಲ್ಲ, ದಿನ ಎಣಿಸ್ತಾರೆ. ನೂರ ಮೂವತ್ತು."

ಫೋನ್ ಇಟ್ಟು ಗೋಡೆಯ ಕ್ಯಾಲೆಂಡರ್ ಮೇಲೆ ಬೆರಳಿಟ್ಟು ಎಣಿಸಿದೆ. ಎರಡು ಸಲ ಎಣಿಸಿದೆ. ನವೆಂಬರ್ ಇಪ್ಪತ್ತೊಂದು, ಶುಕ್ರವಾರ, ಮಧ್ಯಾಹ್ನಕ್ಕೆ ನೂರ ಮೂವತ್ತು ತುಂಬುತ್ತದೆ. ದಿನಾ ನೂರು ಜನರ ಮೊಬೈಲ್ ಸರಿಮಾಡುವ ನನ್ನ ಮಗ ಸ್ವಂತ ತಾಯಿಗೆ ಮೂರು ದಿನ ಜಾಸ್ತಿ ಹಾಕಿಬಿಟ್ಟಿದ್ದಾನೆ.

ಫೋನ್ ಮಾಡಿ ಹೇಳೋಣವೆಂದು ಎದ್ದೆ. ಹೇಳಿದರೆ ಗಾಡಿಯೂ ಮಹೇಶ್‌ಕುಮಾರೂ ಮೂರು ದಿನ ಮುಂಚೆ ಬರುತ್ತಾರೆ. ಮತ್ತೆ ಕೂತುಕೊಂಡೆ. ಸುಫಿಯಾಗೂ ಹೇಳಲಿಲ್ಲ.

ನವೆಂಬರ್ 18, ಮಂಗಳವಾರ

ಹೇಮಶ್ರೀಗೆ ಹೆಣ್ಣುಮಗು. ಸ್ವಲ್ಪ ತೂಕ ಕಮ್ಮಿಯಂತೆ, ಬೆಚ್ಚಗೆ ಇಟ್ಟುಕೊಳ್ಳಿ ಎಂದು ಡಾಕ್ಟರ್ ಹೇಳಿದ್ದಾರಂತೆ. ಸೋಮವಾರ ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರೆ. ಪುಟ್ಟಸಿದ್ದಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಬೂಬಮ್ಮಾ, ಬ್ಯಾರೆ ಮಾತಿಲ್ಲ. ಆ ಮಗೀನ ನಾನ್ ಎಲ್ಲಿ ಮಲಗುಸ್ಲಿ? ಆಗಾಕಿಲ್ಲ ಅಂದ್ರೆ ಆಗಾಕಿಲ್ಲ ಅಂದ್ಬುಡು."

ಒಳಗಿನಿಂದ ಸುಫಿಯಾ ನೋಡುತ್ತಿದ್ದಳು. ಸೋಮವಾರ ನನಗೂ ಗಾಡಿ ಬರುತ್ತದೆ.

"ಸೋಮವಾರ ಬೆಳಿಗ್ಗೆ ಬಾ, ಹಾಸಿಗೆ ಇರುತ್ತದೆ" ಎಂದೆ. "ಶುಕ್ರವಾರವೂ ಬಾ, ಎರಡು ಗಂಟೆಗೆ. ಬೇರೆ ಕೆಲಸವಿದೆ."

ಹುಳ ನಿನ್ನೆಯಿಂದ ತಿಂದಿಲ್ಲ. ತೀರ್ಮಾನ ಮಾಡಿದ್ದೇನೆ. ಹೊರಗೆ ಬಿಡುತ್ತೇನೆ. ಎರಡು ದಿನ ಬದುಕುತ್ತದೋ ಎಂಟು ದಿನವೋ ನನಗೆ ತಿಳಿಯದು. ಜಾಡಿಯಲ್ಲಿ ಸಾಯುವುದನ್ನು ಮಾತ್ರ ನೋಡಲಾರೆ. ಮರಕ್ಕೆ ಬಿಡುವ ಕೆಲಸ ಬೇರೆಯವರ ಕೈಗೂ ಕೊಡುವುದಿಲ್ಲ. ನನ್ನ ಕೈಯಿಂದಲೇ ಆಗಬೇಕು.

ನವೆಂಬರ್ 21, ಶುಕ್ರವಾರ

ಸ್ನಾನ ಮಾಡಿ ಕೋಣೆಗೆ ಬಂದರೆ ಮಂಚದ ಮೇಲೆ ನನ್ನ ನೇರಳೆ ಸೀರೆ ಇಸ್ತ್ರಿ ಮಾಡಿ ಇಟ್ಟಿತ್ತು. ಪಕ್ಕದಲ್ಲಿ ಬುರ್ಖಾ, ಚಪ್ಪಲಿ. ಚಪ್ಪಲಿಯ ಧೂಳನ್ನೂ ಒರೆಸಿತ್ತು. ಸುಫಿಯಾ ಬಾಗಿಲಿಗೆ ಒರಗಿ ನಿಂತಿದ್ದಳು.

"ಸೋಮವಾರ ತಾನೇ?" ಎಂದೆ, ಏನೂ ಗೊತ್ತಿಲ್ಲದವಳ ಹಾಗೆ.

"ಸತ್ತಿದ್ದು ನನ್ನ ಅಣ್ಣ ಭಾಬಿ. ದಿನ ನನಗೆ ತಪ್ಪುತ್ತಾ? ನೂರ ಮೂವತ್ತು ದಿನ ಒಂದೊಂದೇ ಎಣಿಸಿದೀನಿ."

"ಮತ್ತೆ ಮುಬಷೀರ್‌ಗೆ ಯಾಕೆ ಹೇಳಲಿಲ್ಲ?"

"ನೀವು ಯಾಕೆ ಹೇಳಲಿಲ್ಲ?"

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವಳು ನಕ್ಕಳು. ಬಂದಾಗಿನಿಂದ ಇವಳು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಮುಂದಿನ ಹಲ್ಲಿನ ನಡುವೆ ಸಂದಿಯಿದೆ, ಇವರಿಗೆ ಇದ್ದ ಹಾಗೆಯೇ. ಇಷ್ಟು ದಿನ ಇವಳಿಗೆ ಇನ್ಸ್‌ಪೆಕ್ಟರ್ ಎನ್ನುತ್ತಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಬಾಂಗ್ ಆಯಿತು. ಗಂಡಸರೆಲ್ಲ ಜುಮ್ಮಾ ನಮಾಜಿಗೆ ಹೋದರು. ನಾನು ನಮಾಜು ಮುಗಿಸಿ, ಬುರ್ಖಾ ಹಾಕಿ, ಜಾಡಿಯನ್ನು ಅದರೊಳಗೆ ಮುಚ್ಚಿಕೊಂಡು ಪುಟ್ಟಸಿದ್ದಮ್ಮನ ಹಿಂದೆ ಹೊರಟೆ. ಬೀದಿ ನಾನು ನೆನೆಸಿಕೊಂಡದ್ದಕ್ಕಿಂತ ಚಿಕ್ಕದಿತ್ತು, ಬಿಸಿಲು ಮಾತ್ರ ಬಹಳ ಇತ್ತು. ಯಾರದೋ ಬ್ಯಾರನ್‌ನಿಂದ, ಹೊಗೆಸೊಪ್ಪು ಬೇಯಿಸುವ ಮನೆಯಿಂದ, ಸೊಪ್ಪು ಬೇಯುವ ವಾಸನೆ ಬಂತು. ಅದೂ ಒಳ್ಳೆಯದೆನ್ನಿಸಿತು.

ಲಕ್ಷ್ಮಣತೀರ್ಥದ ದಡದಲ್ಲಿ ಜಾಲಿಮರಗಳಿವೆ. ಬಿಸಿಲು ಬೀಳುವ ಮರ ನೋಡಿ ಕೈಯನ್ನು ಕೊಂಬೆಗೆ ಹಚ್ಚಿದೆ. ಜೀರ್ಜಿಂಬೆ ಬೆರಳನ್ನು ಬಿಡಲೊಲ್ಲದು.

"ಬಲ್ವಂತ ಮಾಡ್ಬ್ಯಾಡ ಕಣ್ ಬೂಬಮ್ಮಾ. ಅದುಕ್ಕೇ ಗೊತ್ತಾಯ್ತದೆ."

ಕಾದೆ. ಕೈ ನೋವು ಬಂತು. ಆಮೇಲೆ ಅದು ಒಂದು ಕಾಲು ಕೊಂಬೆಗೆ ಇಟ್ಟಿತು, ಇನ್ನೊಂದು ಇಟ್ಟಿತು, ನಿಧಾನವಾಗಿ ಮೇಲೆ ಹತ್ತಿ ಒಂದು ಚಿಗುರಿಗೆ ಬಾಯಿ ಹಾಕಿತು. ನಾಲ್ಕು ದಿನದಿಂದ ಉಪವಾಸ ಮಾಡಿದ್ದ ಪ್ರಾಣಿ! ಮೊಟ್ಟೆಗಳನ್ನು ಮರದ ಬುಡದ ಸಡಿಲ ಮಣ್ಣಿನಲ್ಲಿ ಇಟ್ಟೆ. ಅಷ್ಟರಲ್ಲಿ ಯಾರದೋ ಆಡು ಬಂದು ಅದೇ ಕೊಂಬೆಗೆ ಕತ್ತು ಚಾಚಿತು. ನಾನು ಬುರ್ಖಾ ಸೀರೆ ಎರಡನ್ನೂ ಎತ್ತಿ ಕಟ್ಟಿ, ಜಾಡಿ ಹಿಡಿದುಕೊಂಡೇ ಅದನ್ನು ದಡದ ಉದ್ದಕ್ಕೂ ಓಡಿಸಿಕೊಂಡು ಹೋದೆ. ಇದ್ದತ್ ಮುಗಿಸಿದ ಹೆಂಗಸು ಮೊದಲ ದಿನ ಮಾಡಿದ ಕೆಲಸ ಇದು. ಪುಟ್ಟಸಿದ್ದಮ್ಮ ಕೂತು ನಗುತ್ತಿದ್ದಳು.

ನವೆಂಬರ್ 22, ಶನಿವಾರ

ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತಿದೆ. ಸುಫಿಯಾ ಒಂದು ಕಡೆ ಹಿಡಿದಳು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಿಷನ್ ಹಾಕಿದೆ. ಮೊದಲು ಗೊರಗೊರ ಎಂದಿತು, ಬೆಲ್ಟ್ ಜಾರಿತು, ಸರಿಮಾಡಿದೆ. ಬೆಲ್ಟ್ ಯಾವತ್ತೂ ನಾನೇ ಸರಿಮಾಡುತ್ತಿದ್ದೆ. ಊರಿಗೆಲ್ಲ ಅವರು ತಾವೇ ಮಾಡಿದ್ದೆಂದು ಹೇಳಿಕೊಳ್ಳುತ್ತಿದ್ದರು.

ಬೀದಿಯವರೆಲ್ಲ ಬಂದು ನೋಡಿದರು. ನಾನೂ ಅವರನ್ನು ನೋಡಿದೆ. ಆ ಗುಡ್ಡೆಯ ಹತ್ತಿಯನ್ನೇ ಮೊದಲು ಹಿಂಜಿದೆ. ತಗ್ಗು ಹೋಯಿತು. ನಾನು ಕೈ ನಿಲ್ಲಿಸಲಿಲ್ಲ.

ನವೆಂಬರ್ 24, ಸೋಮವಾರ

ಹತ್ತು ಗಂಟೆಗೆ ಮುಬಷೀರ್ ಬಂದ. ಹಿಂದೆ ಗೂಡ್ಸ್ ಗಾಡಿ, ಗಾಡಿಯ ಹಿಂದೆ ಬೈಕಿನಲ್ಲಿ ಮಹೇಶ್‌ಕುಮಾರ್. ಶಟರ್ ತೆರೆದಿತ್ತು. ಹೊಸ ಹಾಸಿಗೆ ಬಾಗಿಲಲ್ಲಿ ಬಿಸಿಲಿಗೆ ಬಿದ್ದಿತ್ತು. ಅದರ ಪಕ್ಕ ಸ್ಟೂಲಿನ ಮೇಲೆ ಪುಟ್ಟಸಿದ್ದಮ್ಮ ಕಾವಲು ಕೂತಿದ್ದಳು.

"ಅಮ್ಮಿ! ಇದ್ದತ್ ಮುಗಿಯೋದು ಇವತ್ತು!"

"ಮೂರು ದಿನ ಆಯಿತು" ಎಂದಳು ಸುಫಿಯಾ. "ಇಮಾಮ್ ಸಾಹೇಬರ ಮನೇಲಿ ಕೇಳಿಕೋ. ನಿನ್ನ ಫೋನಿಗೂ ಹೇಳು."

ಮಹೇಶ್‌ಕುಮಾರ್ ಮರ್ಯಾದಸ್ಥ. ಬಗ್ಗಿ ಹಾಸಿಗೆಯನ್ನು ಅಂಗೈಯಲ್ಲಿ ಒತ್ತಿ ನೋಡಿದರು. "ನಮ್ಮ ತಾಯಿಗೆ ಫೋಮ್ ಆಗಲ್ಲ ಕಣ್ರೀ, ಬೆನ್ನು ನೋವು. ಇಂಥದ್ದೊಂದು ಆಗಬಹುದಾ?" ಎಂದರು. ಬೀಗದ ಕೈಯ ಮಾತು ಎತ್ತಲಿಲ್ಲ. ಮುಂದಿನ ವಾರ ಬನ್ನಿ ಎಂದೆ. ಮಗ ಅವರನ್ನೂ ನನ್ನನ್ನೂ ನೋಡಿ ತಲೆ ಕೆರೆದುಕೊಂಡ.

"ಹಾಗಾದ್ರೆ ನೀವು ಬರಲ್ವಾ ಅಮ್ಮಿ?"

ಅವನ ಮುಖ ಸಣ್ಣದಾಗಿತ್ತು. ಟಿ.ವಿ. ಹಾಕಿಸಿದ್ದ, ಪಾಪ.

"ಬರ್ತೀನಿ. ರಂಜಾನ್ ಹಬ್ಬಕ್ಕೆ ಬರ್ತೀನಿ, ನೆಂಟರ ಹಾಗೆ ನಾಲ್ಕು ದಿನ ಇರ್ತೀನಿ. ಐದನೇ ದಿನ ನೀನೇ ಬಸ್ ಹತ್ತಿಸಬೇಕು."

"ಇಲ್ಲಿ ಒಬ್ಬರೇ ಹೇಗಿರ್ತೀರಿ?"

"ಮಿಷನ್ ಹಾಕಿಕೊಂಡು ಇರ್ತೀನಿ" ಎಂದೆ. "ಈಗ ಈ ಹಾಸಿಗೆ ಗಾಡಿಗೆ ಹಾಕು. ಪುಟ್ಟಸಿದ್ದಮ್ಮ ದಾರಿ ತೋರಿಸ್ತಾಳೆ. ಮಧ್ಯಾಹ್ನದೊಳಗೆ ಮಗು ಮನೆಗೆ ಬರುತ್ತದೆ."

ಅವನು ಇಸ್ತ್ರಿ ಶರ್ಟಿನ ತೋಳು ಮಡಚಿ ಹಾಸಿಗೆಯ ಒಂದು ತುದಿ ಹಿಡಿದ. ಇನ್ನೊಂದು ತುದಿಯನ್ನು ಮಹೇಶ್‌ಕುಮಾರ್ ಹಿಡಿದರು. ಎತ್ತುವಾಗ ಹತ್ತಿಯ ಧೂಳು ಎದ್ದು ಮುಬಷೀರ್ ಸೀನಿದ. ಒಂದು, ಎರಡು, ಮೂರು. ಅವನ ಅಪ್ಪ ಹತ್ತಿಗೆ ಸೀನುತ್ತಿದ್ದದ್ದೂ ಹೀಗೆಯೇ, ಮೂರೇ ಸಲ, ಮೂರನೆಯದು ಬೀದಿಗೆಲ್ಲ ಕೇಳುವಂತೆ.

ಸುಫಿಯಾ ನನ್ನ ಕಡೆ ತಿರುಗಿದಳು. ಇಬ್ಬರ ಕಣ್ಣಲ್ಲೂ ನೀರು ಬಂತು. ಏನಾಯಿತು ಎಂದು ಅವನು ಕೇಳಿದಾಗ ಹತ್ತಿಯ ಧೂಳು ಎಂದೆವು, ಇಬ್ಬರೂ ಒಟ್ಟಿಗೆ.